ಮೀಟರಿಗೆ ಕಾಣದ ಪಾರಿವಾಳಗಳು

ಭಾನುವಾರ ಬೆಳಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಲ್ಯಾಬಮ್ಮ ತಾರಸಿಯ ಮೇಲೆ ಮಂಡಿಯೂರಿ ಕೂತು, ಪೆನ್ನಿನಷ್ಟು ಉದ್ದದ ಒಂದು ಮೀಟರನ್ನು ಎರಡನೇ ಸಲ ತೊಳೆಯುತ್ತಿದ್ದರು. ಎದುರಿಗೆ ಮೂರು ಗಾಜಿನ ಲೋಟ. ಮೊದಲನೆಯದರಲ್ಲಿ ಕಾಲೇಜಿನಿಂದ ತಂದ ಉಪ್ಪಿನ ದ್ರಾವಣ. ಅದರಲ್ಲಿ ಉಪ್ಪು ಎಷ್ಟಿದೆಯೆಂದು ಅವರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಗೊತ್ತಿತ್ತು, ಮೀಟರು ಸರಿಯಿದೆಯೇ ಎಂದು ನೋಡುವುದಕ್ಕೆ ಅದು. ಎರಡನೆಯದರಲ್ಲಿ ಅಡುಗೆಮನೆಯ ನಲ್ಲಿ ನೀರು. ಮೂರನೆಯದರಲ್ಲಿ ತಾರಸಿಯ ತೊಟ್ಟಿಯಲ್ಲಿ ಶೇಖರವಾದ ಮಳೆನೀರು. ಅಷ್ಟು ದಿನ ಆ ತೊಟ್ಟಿಯ ನೀರನ್ನು ಹೂಕುಂಡಗಳಿಗೂ ಮೆಟ್ಟಿಲು ತೊಳೆಯುವುದಕ್ಕೂ ಬಿಟ್ಟರೆ ಯಾರೂ ಬಳಸುತ್ತಿರಲಿಲ್ಲ.

ಲ್ಯಾಬಮ್ಮ ಎಂಬುದು ಆ ಹದಿನಾರು ಮನೆಗಳ ಕಟ್ಟಡದವರು ಇಟ್ಟ ಹೆಸರು. ಅವರು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷದಿಂದ ಸಹಾಯಕಿ. ಪಾಠ ಹೇಳುವವರಲ್ಲ, ಪಾಠ ಹೇಳುವವರಿಗೆ ಬಾಟಲಿ ಎತ್ತಿಕೊಡುವವರು. ಆದರೆ ಬ್ಯೂರೆಟ್ ಹಿಡಿಯುವುದನ್ನು ಅಲ್ಲಿ ಓದಿದ ನಮಗೆ ಕಲಿಸಿದ್ದು ಮೇಷ್ಟ್ರುಗಳಲ್ಲ, ಅವರೇ. ಉದ್ದನೆಯ ಆ ಗಾಜಿನ ನಳಿಕೆಯಿಂದ ಹನಿಹನಿಯಾಗಿ ದ್ರಾವಣ ಬಿಡುತ್ತಾ, ಕೆಳಗಿನ ಪಾತ್ರೆಯ ಬಣ್ಣ ತಿರುಗುವ ಗಳಿಗೆಯನ್ನು ಹಿಡಿಯಬೇಕು. ನಾವು ಒಂದು ಹನಿ ಹೆಚ್ಚು ಬಿಟ್ಟು ಕಣ್ಣು ತಪ್ಪಿಸಿದರೆ ಹಿಂದಿನಿಂದ ದನಿ ಬರುತ್ತಿತ್ತು: "ಹನಿ ಪೂರ್ತಿ ಬೀಳೋದಕ್ಕೆ ಯಾಕಪ್ಪಾ ಕಾಯ್ತೀಯ? ಅರ್ಧ ಹನಿ ತುದೀಲಿ ನಿಲ್ಲಿಸು, ಗಾಜಿಗೆ ಮುಟ್ಟಿಸು, ನೀರು ಚಿಮ್ಮಿಸಿ ಇಳಿಸು." ನಂತರ ಇನ್ನೊಂದು ಮಾತು, ಪ್ರತಿ ವರ್ಷ, ಪ್ರತಿ ತರಗತಿಗೆ: "ಅಳೆಯೋಕೆ ಮುಂಚೆ ಏನನ್ನ ಅಳೀತಿದೀನಿ ಅಂತ ನಿನ್ನನ್ನ ನೀನೇ ಕೇಳ್ಕೋ."

ಈ ಕಥೆಯನ್ನು ಅವರೇ ನನಗೆ ಹೇಳಿದ್ದು. ಬರೆಯಲೇ ಎಂದು ಕೇಳಿದಾಗ, "ಬರಿ. ಅಂಕಿಗಳನ್ನ ಮಾತ್ರ ತಪ್ಪಿಸಬೇಡ" ಅಂದರು.

ಅವರ ಜೊತೆ ಇರುವುದು ಅವರ ಅಕ್ಕ. ಅರವತ್ತೆಂಟು ವರ್ಷ. ನಲವತ್ತು ವರ್ಷ ಬಟ್ಟೆ ಹೊಲಿದವರು. ಕತ್ತರಿಯಷ್ಟೇ ಚೂಪು ನಾಲಿಗೆ. ಎರಡು ವರ್ಷದ ಹಿಂದೆ ಅಕ್ಕನ ಕಿಡ್ನಿಗಳು ಸೋತಿವೆ ಎಂದು ಗೊತ್ತಾಯಿತು. ರಕ್ತದ ಕ್ರಿಯಾಟಿನಿನ್ 1.9ಕ್ಕೆ ಬಂದು ನಿಂತಿತ್ತು. ಅದು ಏರಿದಷ್ಟೂ ಕಿಡ್ನಿ ಸೋಲುತ್ತಿದೆ ಎಂದರ್ಥ. "ಇಷ್ಟರಲ್ಲೇ ಕಾಪಾಡ್ಕೊಂಡ್ರೆ ಡಯಾಲಿಸಿಸ್ ಯಂತ್ರಕ್ಕೆ ಹೋಗೋದು ಬೇಡ. ಮೈಯಲ್ಲಿ ನೀರು ಆರೋದಕ್ಕೆ ಮಾತ್ರ ಬಿಡಬೇಡಿ" ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಅಕ್ಕನಿಗೆ ದಿನಕ್ಕೆ ಎಷ್ಟು ಲೋಟ ನೀರು ಎಂಬುದನ್ನು ತಂಗಿ ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಗುರುತು ಹಾಕುತ್ತಿದ್ದರು. "ನಾನು ನಿನ್ನ ಲ್ಯಾಬಿನ ಇಲಿ ಆಗ್ಬಿಟ್ಟೆ ಕಣೇ" ಎಂದು ಅಕ್ಕ ಗೊಣಗುತ್ತಾ ಕುಡಿಯುತ್ತಿದ್ದರು.

ಇದಕ್ಕೆಲ್ಲ ಕಾರಣವಾದ ವಿಡಿಯೊ ಬಂದದ್ದು ಹಿಂದಿನ ದಿನ, ಶನಿವಾರ, ಕಟ್ಟಡದ ಗ್ರೂಪಿಗೆ. ಬಿಳಿ ಕೋಟು ತೊಟ್ಟ ಒಬ್ಬ ಮನುಷ್ಯ, ಎರಡು ಲೋಟ, ಒಂದು ಮೀಟರು. ಒಂದು ಲೋಟದಲ್ಲಿ ಅಂಕಿ ನಾನೂರರ ಹತ್ತಿರ, ಇನ್ನೊಂದರಲ್ಲಿ ಮೂವತ್ತು. "ನಲ್ಲಿ ನೀರಿನ ಈ ನಾನೂರು ನೇರವಾಗಿ ನಿಮ್ಮ ಕಿಡ್ನಿಗೆ ಹೋಗುತ್ತದೆ. ಐವತ್ತಕ್ಕಿಂತ ಕೆಳಗಿದ್ದರೆ ಮಾತ್ರ ಅದು ಶುದ್ಧ ನೀರು. ಕ್ಲೋರಿನ್ ವಿಷ. ಯಾರನ್ನೂ ನಂಬಬೇಡಿ. ನೀವೇ ಅಳೆದು ನೋಡಿ."

ಲ್ಯಾಬಮ್ಮ ಆ ವಿಡಿಯೊವನ್ನು ನಾಲ್ಕು ಸಲ ನೋಡಿದರು. ಮೊದಲ ಸಲವೇ ಅವರಿಗೆ ಒಂದು ತಪ್ಪು ಕಣ್ಣಿಗೆ ಬಿತ್ತು. ಆ ಮನುಷ್ಯ ಒಂದು ಲೋಟದಿಂದ ತೆಗೆದ ಮೀಟರನ್ನು ತೊಳೆಯದೆ ಇನ್ನೊಂದಕ್ಕೆ ಅದ್ದಿದ್ದ. "ಥೂ, ತೊಳೀಲೇ ಇಲ್ಲ ನೋಡು" ಎಂದು ಲೊಚಗುಟ್ಟಿದರು. ಅಕ್ಕ ಬಟ್ಟೆಗೆ ಗುಂಡಿ ಹೊಲಿಯುತ್ತಲೇ ಅಂದರು, "ಹಾಗಾದ್ರೆ ಸುಳ್ಳು ಅಂತಾಯ್ತಲ್ಲ, ಬಿಡು."

"ಸುಳ್ಳು ಅಂತಲ್ಲ ಅಕ್ಕಾ. ಸರಿಯಾಗಿ ಅಳೀಲಿಲ್ಲ ಅಷ್ಟೆ. ನಾನು ಅಳೀತೀನಿ."

ಮುಂದೆ ನಡೆದದ್ದಕ್ಕೆಲ್ಲ ಬೀಜ ಈ ಮಾತಿನಲ್ಲಿತ್ತು. ಬೇರೆ ಯಾರಾದರೂ ಆಗಿದ್ದರೆ ವಿಡಿಯೊವನ್ನು ನಂಬಿ ಸುಮ್ಮನಾಗುತ್ತಿದ್ದರು, ಇಲ್ಲವೇ ನಂಬದೆ ಸುಮ್ಮನಾಗುತ್ತಿದ್ದರು. ಇವರು ಅದರ ಕೆಲಸದ ಕ್ರಮವನ್ನು ತಿದ್ದಿದರು. ಕ್ರಮ ತಿದ್ದುವ ಭರದಲ್ಲಿ ಅದು ಕೇಳಿದ ಪ್ರಶ್ನೆಯನ್ನು ಹಾಗೆಯೇ ಒಪ್ಪಿಕೊಂಡುಬಿಟ್ಟರು.

ಆ ಮೀಟರು ಅಳೆಯುವುದು ನೀರಿನಲ್ಲಿ ಕರಗಿದ ಲವಣವನ್ನು, ಅದೂ ನೀರಿನಲ್ಲಿ ವಿದ್ಯುತ್ತು ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದರ ಮೇಲಿನ ಅಂದಾಜಿನಿಂದ. ಉಪ್ಪು ಹೆಚ್ಚಿದ್ದರೆ ಅಂಕಿ ಹೆಚ್ಚು. ರೋಗಾಣುವಿಗೆ ಅದರಲ್ಲಿ ಅಂಕಿಯೇ ಇಲ್ಲ. ಇದು ಲ್ಯಾಬಮ್ಮನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೀಟರು ಸರಿಯಿದೆಯೇ ಎಂದು ನೋಡಲು ಆ ಬೆಳಗ್ಗೆ ಅವರು ಲೋಟದಲ್ಲಿ ಇಟ್ಟುಕೊಂಡಿದ್ದೇ ಉಪ್ಪಿನ ನೀರನ್ನು. ಉತ್ತರ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಕೂತಿತ್ತು.

ನಲ್ಲಿ ನೀರು ಮುನ್ನೂರ ಹದಿನೆಂಟು ತೋರಿಸಿತು. ಕುಡಿಯುವುದಕ್ಕೆ ಅದರಲ್ಲಿ ಯಾವ ತೊಂದರೆಯೂ ಇಲ್ಲ. ಎಷ್ಟೋ ಊರುಗಳ ಒಳ್ಳೆಯ ನೀರು ಹಾಗೆಯೇ ಇರುತ್ತದೆ. ಆದರೆ ಅವರ ಕಣ್ಣಿಗೆ ಕಂಡದ್ದು ಅಕ್ಕನ ಕಿಡ್ನಿ. ಎರಡು ವರ್ಷ ಲೋಟಲೋಟ ಲೆಕ್ಕ ಹಾಕಿ ತಾನೇ ಕುಡಿಸಿದ್ದು ಇದನ್ನೇ ಅಲ್ಲವೇ ಅನ್ನಿಸಿತು. ಮಳೆನೀರಿಗೆ ಮೀಟರು ಅದ್ದಿದರು. ಮೂರು ಸಲ, ಪ್ರತಿ ಸಲ ತೊಳೆದು. ಮೂರು ಸಲವೂ ಒಂದೇ ಅಂಕಿ.

ಆಗಲೇ ಪಂಪಣ್ಣ ಮೆಟ್ಟಿಲು ಹತ್ತಿ ಬಂದದ್ದು. ಕಟ್ಟಡದ ಪಂಪು, ತೊಟ್ಟಿ, ಪೈಪು ಎಲ್ಲ ನೋಡಿಕೊಳ್ಳುವವರು. ಹದಿನೈದು ದಿನಕ್ಕೊಮ್ಮೆ ಕೆಳಗಿನ ತೊಟ್ಟಿಗೆ ಕ್ಲೋರಿನ್ ಹಾಕಿ, ಪುಟ್ಟ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ಎರಡು ಹನಿ ಔಷಧಿ ಬಿಟ್ಟು, ಹಳದಿ ಬಣ್ಣ ಎಷ್ಟು ಬಂತು ಎಂದು ಬೆಳಕಿಗೆ ಹಿಡಿದು ನೋಡುವವರು. ಓದಿದ್ದು ಏಳನೇ ಕ್ಲಾಸು.

"ಏನ್ ಮೇಡಂ, ಲ್ಯಾಬನ್ನೇ ತಾರಸಿಗೆ ತಂದುಬಿಟ್ರಾ?"

"ಪಂಪಣ್ಣ, ಈ ಮಳೆನೀರು ನಿಮ್ಮ ನಲ್ಲಿ ನೀರಿಗಿಂತ ಏಳು ಪಟ್ಟು ಚೆನ್ನಾಗಿದೆ. ಗೊತ್ತಾ ನಿಮಗೆ?"

ಪಂಪಣ್ಣ ತೊಟ್ಟಿಯ ಕಡೆ ನೋಡಿದರು. ತಲೆ ಕೆರೆದುಕೊಂಡರು. "ಅದನ್ನ ಕುಡಿಯೋಕೆ ಬಳಸಬೇಡಿ ಮೇಡಂ. ಮುಚ್ಚಳ ಒಂದು ಕಡೆ ಮುರಿದಿದೆ. ಪಾರಿವಾಳ ಬಂದು ಕೂರ್ತಾವೆ."

ಅದಕ್ಕೆ ಲ್ಯಾಬಮ್ಮ ಹೇಳಿದ ಮಾತನ್ನು ನನಗೆ ತಿಳಿಸುವಾಗ ಅವರು ನನ್ನ ಮುಖ ನೋಡಲಿಲ್ಲ. ಕಿಟಕಿಯ ಕಡೆ ತಿರುಗಿ ಹೇಳಿದರು.

"ಪಾರಿವಾಳ ಕೂತಿದ್ರೆ ಮೀಟರಿಗೆ ಗೊತ್ತಾಗ್ತಿರಲಿಲ್ವಾ? ನಿಮ್ಮ ಹಳದಿ ಹನಿ ಅಲ್ಲ ಇದು. ಇದು ಅಂಕಿ ತೋರಿಸುತ್ತೆ."

"ಸರಿ ಮೇಡಂ," ಅಂದರು ಪಂಪಣ್ಣ. "ನೀವು ಓದಿದೋರು." ಕೆಳಗಿಳಿದು ಹೋದರು.

ಓದಿದವರು. ಆ ಮಾತನ್ನು ಅವರಿಗೆ ಯಾರೂ ಅಂದಿರಲಿಲ್ಲ. ಕಾಲೇಜಿನಲ್ಲಿ ಅವರ ಹೆಸರಿನ ಮುಂದೆ ಡಿಗ್ರಿ ಇಲ್ಲ. ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರಿಗೆ ಅವರು ಚಹಾ ತಂದುಕೊಡುವ ಹೆಂಗಸು. ಗ್ರೂಪಿನಲ್ಲಿ ಹಿಂದಿನ ರಾತ್ರಿಯಿಂದ ಹದಿನಾರು ಮನೆಯವರೂ ಕೇಳುತ್ತಿದ್ದರು: ಲ್ಯಾಬಮ್ಮ ಏನಂತಾರೆ? ಲ್ಯಾಬಮ್ಮ ಅಳೆದು ಹೇಳಲಿ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಇಷ್ಟು ಜನ ಅವರ ಬಾಯಿಂದ ಒಂದು ಅಂಕಿ ಬರಲಿ ಎಂದು ಕಾಯುತ್ತಿದ್ದರು. ಆರು ಐವತ್ತೆರಡಕ್ಕೆ ಫೋನನ್ನು ಬಾಯಿಯ ಹತ್ತಿರ ಹಿಡಿದು ಹದಿನಾಲ್ಕು ಸೆಕೆಂಡಿನ ಮಾತು ಕಳಿಸಿದರು. ಶುರುವಾಗುವುದೇ, "ನಾನು ಕಾಲೇಜಿನ ಲ್ಯಾಬಿಂದ ಮಾತಾಡ್ತಿರೋದು" ಎಂದು. ತಾರಸಿಯಲ್ಲಿ ಕೂತು ಆಡಿದ ಮಾತು ಅದು. ಮುಗಿಯುವುದು, "ಧೈರ್ಯವಾಗಿ ಕುಡೀರಿ" ಎಂದು.

ಸಂಜೆಗೆ ತಾರಸಿಯ ಮೆಟ್ಟಿಲಲ್ಲಿ ಕೊಡ, ಕ್ಯಾನು, ಬಾಟಲಿ. ಎದುರಾದವರೆಲ್ಲ, "ನೀವು ಇಲ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ" ಅಂದರು. ಕಟ್ಟಡದ ಸಂಘದ ಕಾರ್ಯದರ್ಶಿ, ಯಾರನ್ನೂ ಹೊಗಳದ ಮನುಷ್ಯ, ಕೈ ಮುಗಿದರು. ಮೊದಲೆಲ್ಲ ನೀರು ಕುದಿಸಿ ಕುಡಿಯುತ್ತಿದ್ದ ಅಕ್ಕನಿಗೆ ಲ್ಯಾಬಮ್ಮ, "ಇದಕ್ಕೆ ಕುದಿಸೋದೂ ಬೇಡ" ಎಂದು ಲೋಟ ತುಂಬಿ ಕೊಟ್ಟರು.

"ರುಚಿಯಾಗಿದೆ ಕಣೇ," ಅಂದರು ಅಕ್ಕ. "ಏನೂ ಇಲ್ಲದ ರುಚಿ."

ಬುಧವಾರ ಎರಡನೇ ಮಹಡಿಯ ದಂಪತಿಗೆ ಹೊಟ್ಟೆ ಕೆಟ್ಟಿತು. ಗುರುವಾರ ಮೂರು ಮನೆ. ಹೊರಗೆ ತಿಂದದ್ದು ಇರಬೇಕು ಎಂದುಕೊಂಡರು. ಶುಕ್ರವಾರ ಬೆಳಗ್ಗೆ ಅಕ್ಕ ಬಚ್ಚಲಿನಿಂದ ಹೊರಗೆ ಬರಲು ಗೋಡೆ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಗೋಡೆ ಹಿಡಿಯುವ ಶಕ್ತಿಯೂ ಇರಲಿಲ್ಲ. ನೀರು ಕುಡಿಸಬೇಕಲ್ಲ, ಲ್ಯಾಬಮ್ಮ ಕುಡಿಸಿದರು. ಲೋಟದ ಮೇಲೆ ಲೋಟ, ಅದೇ ನೀರನ್ನು. ಗೋಡೆಯ ಹಾಳೆಯಲ್ಲಿ ಒಂಬತ್ತು ಗುರುತು ಬಿದ್ದವು.

ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿ ಗ್ಲೂಕೋಸು ಏರಿಸಿದ ಮೇಲೆ ಯುವ ಡಾಕ್ಟರಮ್ಮ ಕೇಳಿದರು, "ಯಾವ ನೀರು ಕುಡೀತಿದ್ರಿ?"

ಅಕ್ಕ ಒಣಗಿದ ತುಟಿಯಲ್ಲೇ ಹೆಮ್ಮೆಯಿಂದ ಹೇಳಿದರು, "ನನ್ನ ತಂಗಿ ಅಳೆದು ಕೊಟ್ಟ ನೀರು ಡಾಕ್ಟ್ರೇ. ಅವಳು ಕಾಲೇಜಿನ ಲ್ಯಾಬಲ್ಲಿ ಇರೋದು."

ಡಾಕ್ಟರಮ್ಮ ಇವರ ಕಡೆ ತಿರುಗಿದರು. "ಹೌದಾ? ಏನನ್ನ ಅಳೆದ್ರಿ?"

ತನ್ನದೇ ಪ್ರಶ್ನೆ. ಮೂವತ್ತೊಂದು ವರ್ಷ ಬೇರೆಯವರ ಬೆನ್ನ ಹಿಂದೆ ನಿಂತು ಕೇಳಿದ ಪ್ರಶ್ನೆ, ಮಗಳ ವಯಸ್ಸಿನ ಹುಡುಗಿಯ ಬಾಯಲ್ಲಿ. ಉತ್ತರ ಎರಡೇ ಪದ, ಕರಗಿದ ಉಪ್ಪು. ಆದರೆ ಲ್ಯಾಬಮ್ಮ "ಮೀಟರಲ್ಲಿ ನೋಡಿದೆ" ಎಂದಷ್ಟೇ ಹೇಳಿದರು. ಡಾಕ್ಟರಮ್ಮ ಬೈಯಲಿಲ್ಲ. ತಲೆಯಾಡಿಸಿ ಚೀಟಿಯಲ್ಲಿ ಏನೋ ಬರೆದರು. ಬೈದಿದ್ದರೆ ಚೆನ್ನಾಗಿತ್ತು.

ಕ್ರಿಯಾಟಿನಿನ್ 3.4. ಯಂತ್ರಕ್ಕೆ ಹಾಕಬೇಕೋ ಬೇಡವೋ ಎಂಬುದು ಎರಡು ದಿನದಲ್ಲಿ ಗೊತ್ತಾಗುತ್ತದೆ ಎಂದರು.

ಆ ಎರಡು ದಿನ ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಕೂತು ಲ್ಯಾಬಮ್ಮ ವಿಡಿಯೊವನ್ನು ಮತ್ತೆ ನೋಡಿದರು. ಈ ಸಲ ಶಬ್ದ ಇಲ್ಲದೆ. ಶಬ್ದ ಹೋದ ಮೇಲೆ ಎಷ್ಟೊಂದು ಕಾಣಿಸಿತು! ಕೋಟಿನ ತೋಳಿನ ಮೇಲೆ ಒಂದು ಕಲೆಯೂ ಇಲ್ಲ. ಅವರ ಸ್ವಂತ ಕೋಟಿನ ತೋಳಿನಲ್ಲಿ ಮೂರು ಬಣ್ಣದ ಕಲೆ, ಎರಡು ತೂತು. ಅಂಕಿ ಕಾಣಿಸುವ ಮೊದಲು ದೃಶ್ಯ ಕತ್ತರಿಸಿತ್ತು. ಯಾವ ಊರಿನ ನೀರು, ಯಾವ ಪ್ರಯೋಗಾಲಯ, ಮನುಷ್ಯನ ಹೆಸರೇನು, ಏನೂ ಇರಲಿಲ್ಲ. ಕೊನೆಯ ಮೂರು ಸೆಕೆಂಡಿನಲ್ಲಿ ನೀರು ಸೋಸುವ ಯಂತ್ರದ ಚಿತ್ರ ಮತ್ತು ಒಂದು ಫೋನ್ ನಂಬರು. ನಾಲ್ಕು ಸಲ ನೋಡಿದಾಗಲೂ ಅವರು ಅಲ್ಲಿಗೆ ಬರುವ ಮೊದಲೇ ನಿಲ್ಲಿಸಿದ್ದರು, ಮೀಟರು ಹುಡುಕುವ ಆತುರದಲ್ಲಿ. "ಯಾರನ್ನೂ ನಂಬಬೇಡಿ, ನೀವೇ ಅಳೆದು ನೋಡಿ" ಎಂದಿದ್ದನಲ್ಲ. ಅದು ವಿಜ್ಞಾನದ ಮಾತಿನ ಹಾಗೇ ಇತ್ತು. ತನ್ನಂಥವಳನ್ನು ಹಿಡಿಯಲು ಅದಕ್ಕಿಂತ ಒಳ್ಳೆಯ ಗಾಳ ಇರಲಿಲ್ಲ.

ಮೂರನೇ ದಿನ ಅಂಕಿ ಇಳಿಯತೊಡಗಿತು. ಯಂತ್ರ ಬೇಡ ಅಂದರು. ಆರನೇ ದಿನ 2.4ಕ್ಕೆ ಮನೆಗೆ ಕಳಿಸಿದರು. ಹಿಂದಿನ 1.9ಕ್ಕೆ ಅದು ಮತ್ತೆ ಬರಲಿಲ್ಲ.

ಅಷ್ಟರಲ್ಲಿ ಆರೋಗ್ಯ ಇಲಾಖೆಯವರು ಬಂದು ಬಿಸಿ ಹಬೆಯಲ್ಲಿ ಶುದ್ಧ ಮಾಡಿದ ಬಾಟಲಿಯಲ್ಲಿ ತೊಟ್ಟಿಯ ನೀರು ಒಯ್ದಿದ್ದರು. ಫಲಿತಾಂಶದಲ್ಲಿ ಮಲದಿಂದ ಬರುವ ಬ್ಯಾಕ್ಟೀರಿಯಾ ಬೇಕಾದಷ್ಟಿತ್ತು. ಆರು ಮನೆಗಳಲ್ಲಿ ಒಂಬತ್ತು ಜನ ಮಲಗಿದ್ದರು. ಸಂಘದ ಸಭೆ ಕರೆದಾಗ ಲ್ಯಾಬಮ್ಮ ಎಲ್ಲರಿಗಿಂತ ಮೊದಲೇ ಹೋಗಿ ನಿಂತರು, ಕುರ್ಚಿ ಇದ್ದರೂ.

"ನಾನು ಅಳೆದದ್ದು ಉಪ್ಪನ್ನ," ಅಂದರು. "ರೋಗ ಇದೆಯೋ ಇಲ್ವೋ ಅಂತ ಆ ಮೀಟರಿಗೆ ತಿಳಿಯಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದೆ. ತಪ್ಪು ನಂದು."

ಕಾರ್ಯದರ್ಶಿ ಮೆಲ್ಲಗೆ, "ಇರಲಿ ಬಿಡಿ, ಮೀಟರೇ ಕೆಟ್ಟಿರಬೇಕು" ಅಂದರು.

"ಇಲ್ಲ. ಮೀಟರು ಸರಿಯಾಗೇ ಇತ್ತು."

ಅವರಿಗೆ ಸಮಾಧಾನದ ಆ ಬಾಗಿಲು ಬೇಕಿರಲಿಲ್ಲ. ಅಂದು ಸಂಜೆ ಪಂಪಿನ ಕೋಣೆಗೆ ಹೋದರು. ಪಂಪಣ್ಣ ತೊಟ್ಟಿಗೆ ಹೊಸ ಮುಚ್ಚಳ ಕತ್ತರಿಸುತ್ತಿದ್ದರು.

"ಪಂಪಣ್ಣ, ನೀವು ಅವತ್ತು ಹೇಳಿದ್ರಿ."

"ಹೇಳಿದ್ದೆ ಮೇಡಂ." ಗರಗಸ ನಿಲ್ಲಿಸಲಿಲ್ಲ. "ನೀವು ಅಷ್ಟು ಗಟ್ಟಿಯಾಗಿ ಅಂದ್ರಲ್ಲ, ನಾನೂ ಹೋಗಿ ಒಂದು ಲೋಟ ಕುಡಿದೆ. ನಾಲ್ಕು ದಿನ ಪಾಯಿಖಾನೆಗೇ ಕಾವಲು ಕೂತಿದ್ದೆ." ನಕ್ಕರು. ಲ್ಯಾಬಮ್ಮನಿಗೆ ನಗು ಬರಲಿಲ್ಲ. ಪಾರಿವಾಳಗಳನ್ನು ಕಣ್ಣಾರೆ ಕಂಡ ಮನುಷ್ಯ ತನ್ನ ಕಣ್ಣನ್ನು ಬಿಟ್ಟು ಇವರ ಅಂಕಿಯನ್ನು ನಂಬಿದ್ದ. ಒಂಬತ್ತು ಅಲ್ಲ, ಹತ್ತು ಜನ.

ತಪ್ಪು ಒಪ್ಪಿಕೊಂಡು ಗ್ರೂಪಿಗೆ ಹೊಸ ಸಂದೇಶ ಕಳಿಸಿದರು. ಯಾವ ಮೀಟರು ಏನು ಅಳೆಯುತ್ತದೆ, ಅಂಕಿ ಕಡಿಮೆ ಇದ್ದರೂ ನೀರು ಏಕೆ ಕೆಟ್ಟದ್ದಿರಬಹುದು, ಕ್ಲೋರಿನ್ ಏಕೆ ಬೇಕು, ಎಲ್ಲ ಬಿಡಿಸಿ ಹೇಳಿದ್ದರು. ನಾಲ್ಕು ನಿಮಿಷ ಆಯಿತು. ಕಟ್ಟಡದವರು ಕೇಳಿದರು, ಅಲ್ಲಿಗೆ ಅದು ನಿಂತಿತು. ಮೊದಲಿನ ಹದಿನಾಲ್ಕು ಸೆಕೆಂಡಿಗೆ ಆಗಲೇ ಕಾಲು ಬಂದಿತ್ತು. ಯಾರೋ ಭಾವನಿಗೆ, ಭಾವ ತನ್ನ ಆಫೀಸಿಗೆ, ಆಫೀಸಿನವರು ಊರಿಗೆಲ್ಲ. ಆಡಿದ ಮಾತು, ಬಿಟ್ಟ ಬಾಣ ಎನ್ನುತ್ತಾರೆ. ಬಾಣ ಒಂದು ಕಡೆ ಹೋಗಿ ನಾಟುತ್ತದೆ. ಇದು ಹಾಗೂ ಇರಲಿಲ್ಲ.

ಏಳು ವಾರದ ನಂತರ ಅಕ್ಕನ ರಕ್ತಪರೀಕ್ಷೆಗೆ ಇಬ್ಬರೂ ಆಸ್ಪತ್ರೆಯ ಹೊರಕೋಣೆಯಲ್ಲಿ ಕೂತಿದ್ದರು. ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು, ನಡುವೆ ಬಿಳಿ ಕ್ಯಾನು. ಚಿಕ್ಕವಳ ಗಂಡ ಒಳಗೆ ಕಿಡ್ನಿಯ ಯಂತ್ರದಲ್ಲಿದ್ದಾನೆ ಎಂದು ಅವರ ಮಾತಿನಿಂದ ತಿಳಿಯುತ್ತಿತ್ತು.

"ಕೇಳಿ ಅತ್ತಿಗೆ, ಇದನ್ನ ಒಂದ್ಸಲ ಕೇಳಿ. ಮಳೆನೀರೇ ಕೊಡಿ ಅಂತ ದೊಡ್ಡ ವಿಜ್ಞಾನಿ ಹೇಳಿದಾರೆ, ಅದಕ್ಕೇ ಈ ಕ್ಯಾನಲ್ಲಿ ತಂದಿದೀನಿ," ಎಂದು ಚಿಕ್ಕವಳು ಫೋನು ಒತ್ತಿದಳು. ನಾನು ಕಾಲೇಜಿನ ಲ್ಯಾಬಿಂದ ಮಾತಾಡ್ತಿರೋದು, ಎಂದಿತು ಫೋನು.

ಅಕ್ಕ ಕತ್ತು ತಿರುಗಿಸಿ ತಂಗಿಯನ್ನು ನೋಡಿದರು. ಲ್ಯಾಬಮ್ಮ ನೆಲ ನೋಡಿದರು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎದ್ದು ಅವರೆದುರು ಹೋಗಿ ನಿಂತರು.

"ಅಮ್ಮಾ, ಆ ನೀರು ಕೊಡಬೇಡಿ. ಅದು ತಪ್ಪು ಮಾತು. ಅದು ನನ್ನ ದನಿ."

ಇಬ್ಬರೂ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಸವೆದ ಚಪ್ಪಲಿ, ಔಷಧಿ ಚೀಟಿಯ ಕೈಚೀಲ. "ನಿಮ್ಮ ದನೀನಾ? ಇಲ್ಲಿ ಹಿರಿಯ ವಿಜ್ಞಾನಿ ಅಂತ ಬರೆದಿದೆ," ಎಂದಳು ಚಿಕ್ಕವಳು.

"ನಾನು ವಿಜ್ಞಾನಿ ಅಲ್ಲ. ಲ್ಯಾಬಲ್ಲಿ ಬಾಟಲಿ ತೊಳೀತೀನಿ."

"ಹೋಗ್ಲಿ ಬಿಡಿ ಅಮ್ಮಾ. ಅವರು ಮೂರು ಸಲ ತೊಳೆದು ಅಳೆದಿದಾರೆ. ನೀವೇನು ಅಳೆದಿದೀರಾ?"

ಹಿಂದಿನಿಂದ ಅಕ್ಕ ಕೂತಲ್ಲಿಂದಲೇ ಹೇಳಿದರು, "ಅವಳೇ ಕಣಮ್ಮ ಅದು. ಆ ನೀರು ಕುಡಿದು ಇಲ್ಲಿ ಮಲಗಿದ್ದವಳು ನಾನು."

ಅತ್ತಿಗೆ ಎನಿಸಿಕೊಂಡವಳು ಕ್ಯಾನಿನ ಮೇಲೆ ಕೈ ಇಟ್ಟು ಯೋಚಿಸಿದಳು. ಕೆಟ್ಟ ಮನಸ್ಸಿನಿಂದಲ್ಲ, ಗಾಬರಿಯಿಂದ ಕೇಳಿದಳು: "ಹಾಗಾದ್ರೆ ಹೇಳಿ ನೋಡೋಣ. ಇದರಲ್ಲಿರೋ ಹಾಗೇ. ಕೇಳಿದ್ರೆ ಗೊತ್ತಾಗುತ್ತಲ್ಲ."

ಹೊರಕೋಣೆಯ ಹತ್ತಿಪ್ಪತ್ತು ಜನ ತಿರುಗಿ ನೋಡುತ್ತಿದ್ದರು. ತಗ್ಗಿದ ದನಿಯಲ್ಲಿ, ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಿದರೆ ಅವರು ಗುರುತಿಸುವುದಿಲ್ಲ ಎಂದು ಲ್ಯಾಬಮ್ಮನಿಗೆ ಗೊತ್ತಿತ್ತು. ಆ ಬೆಳಗಿನ ದನಿಯೇ ಬೇಕು: ಕತ್ತೆತ್ತಿದ ದನಿ, ಗಟ್ಟಿ ದನಿ, ಪಂಪಣ್ಣನನ್ನು ಕೆಳಗಿಳಿಸಿ ಕಳಿಸಿದ ದನಿ. ಕೈಚೀಲವನ್ನು ಎದೆಗೆ ಒತ್ತಿಕೊಂಡರು. ಬೆನ್ನು ನೆಟ್ಟಗೆ ಮಾಡಿಕೊಂಡರು.

"ನಾನು ಕಾಲೇಜಿನ ಲ್ಯಾಬಿಂದ ಮಾತಾಡ್ತಿರೋದು. ಮೀಟರನ್ನ ತೊಳೆದು, ಸರಿಯಿದೆಯಾ ನೋಡಿ, ಮೂರು ಸಲ ಅಳೆದಿದೀನಿ. ನಲ್ಲಿ ನೀರು ಮುನ್ನೂರ ಹದಿನೆಂಟು."

ದನಿಯ ಗುರುತು ಹತ್ತಿ, ಚಿಕ್ಕವಳ ಕೈ ತಾನಾಗಿಯೇ ಕ್ಯಾನನ್ನು ಬೆಂಚಿನ ಕೆಳಗೆ ತಳ್ಳಿತು.

"ಮಳೆನೀರು ಬರೀ ನಲವತ್ತೆರಡು."